ಮಾಸ್ಟರು ತುಂಬಿದ ಸೂಟ್‌ಕೇಸು

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಕತ್ತರಿ ಹಿಡಿದಿದ್ದ ಅವರನ್ನು ಎಲ್ಲರೂ ಮಾಸ್ಟರು ಎಂದೇ ಕರೆಯುತ್ತಿದ್ದರು. ಹೊರಗಿನವರು ಮರ್ಯಾದೆಗೆ ಕರೆದರೆ, ಮನೆಯಲ್ಲಿ ಹೆಂಡತಿ ಕೀಟಲೆಗೆ ಕರೆಯುತ್ತಿದ್ದಳು. ಉದ್ದನೆಯ ಮೇಜಿನ ಮೇಲೆ ಬಟ್ಟೆ ಹಾಸಿ, ತೋಳು, ಬೆನ್ನು, ಕಾಲರು, ಜೇಬುಗಳ ರಟ್ಟಿನ ಅಚ್ಚುಗಳನ್ನು ಒಂದಕ್ಕೊಂದು ಹೊಂದಿಸಿಟ್ಟು, ಚೂರೂ ದಂಡವಾಗದಂತೆ ಕತ್ತರಿಸುವುದು ಅವರ ಕೆಲಸ. ಮಾಸ್ಟರ ಮೇಜಿನ ಕೆಳಗೆ ಬೀಳುವ ಚಿಂದಿಯಲ್ಲಿ ಗೊಂಬೆಗೂ ಒಂದು ಅಂಗಿ ಆಗುವುದಿಲ್ಲ ಎಂದು ಕಾರ್ಖಾನೆಯಲ್ಲಿ ಯಾರೋ ಒಮ್ಮೆ ಹೇಳಿದ್ದರು. ಆ ಮಾತನ್ನು ಮಾಸ್ಟರು ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಬೇರೆ ಯಾರೋ ಹೊಸದಾಗಿ ಹೇಳಿದರೆಂಬಂತೆ ಹೇಳುತ್ತಿದ್ದರು.

ಹೆಂಡತಿ ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸು. ಶಾಲೆಗೆ ರಜೆ ಬಂದಾಗ ಅವಳ ಅಕ್ಕನ ಮನೆಗೆ ಹತ್ತು ದಿನ ಹೋಗುವುದೆಂದು ನಿಶ್ಚಯವಾಯಿತು. ರೈಲಿನಲ್ಲಿ ಐದು ತಾಸಿನ ದಾರಿ. ಆದರೆ ಅದೇ ವಾರ ವಾರ್ಡಿನ ಇಬ್ಬರು ನರ್ಸುಗಳು ರಜೆ ಹಾಕಿದ್ದರಿಂದ ಹೊರಡುವ ದಿನ ಮಧ್ಯಾಹ್ನದವರೆಗೂ ಅವಳಿಗೆ ಡ್ಯೂಟಿ ಬಿತ್ತು.

"ಈ ಸಲ ಪ್ಯಾಕಿಂಗ್ ನಿಮ್ಮದು," ಎಂದಳು ಅವಳು, ಊಟದ ಡಬ್ಬಿ ತೊಳೆಯುತ್ತಾ.

"ನನ್ನದಾ?"

"ಹೂಂ ಮತ್ತೆ. ಪ್ರತೀ ಸಲ ನಾನು ತುಂಬ್ತಾ ಇರ್ತೀನಿ, ನೀವು ಬಾಗಿಲಿಗೆ ಒರಗಿಕೊಂಡು 'ಎಷ್ಟು ಜಾಗ ವೇಸ್ಟು, ಎಷ್ಟು ಜಾಗ ವೇಸ್ಟು' ಅಂತಿರ್ತೀರಿ. ಈ ಸಲ ಒಂದಿಂಚೂ ವೇಸ್ಟ್ ಮಾಡ್ದೆ ನೀವೇ ತುಂಬಿ ತೋರ್ಸಿ. ನಾನೂ ಕಲಿತ್ಕೋತೀನಿ."

ಮಾಸ್ಟರು ಆ ಮಾತಿನೊಳಗಿನ ಕೊಂಕನ್ನು ಗಮನಿಸಲಿಲ್ಲ. ಮರುದಿನವೇ ಕಾರ್ಖಾನೆಯಿಂದ ಒಂದು ಸುರುಳಿ ಕಂದು ಕಾಗದ ತಂದರು. ನಡುಮನೆಯ ನೆಲದ ಮೇಲೆ ಸೂಟ್‌ಕೇಸಿನ ಅಳತೆಗೆ ಸರಿಯಾಗಿ ಅದನ್ನು ಹಾಸಿ, ಮಂಡಿಯೂರಿ ಕೂತು, ಸೀಮೆಸುಣ್ಣದಲ್ಲಿ ಗೆರೆ ಎಳೆಯತೊಡಗಿದರು. ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಮಡಿಚಿದ ಪ್ಯಾಂಟು ಇಲ್ಲಿ, ಅದರ ಕಾಲಿನ ಸಂದಿಯಲ್ಲಿ ಮಗುವಿನ ಫ್ರಾಕು, ಫ್ರಾಕಿನ ತೋಳಿನ ಪಕ್ಕ ಸುತ್ತಿಟ್ಟ ಕಾಲುಚೀಲ. ನಮಾಜಿನ ಚಾಪೆಗಳು ಎಲ್ಲಕ್ಕೂ ತಳದಲ್ಲಿ ಚಪ್ಪಟೆಯಾಗಿ. ಅದರ ಮೇಲೆ ಹೆಂಡತಿಯ ಅಕ್ಕನಿಗೆ ಉಡುಗೊರೆಯೆಂದು ತಂದ ನೀಲಿ ಬಟ್ಟೆ.

ಮಂಚದ ಮೇಲೆ ತಸ್ಬೀಹ್ ಮಣಿಸರ ಹಿಡಿದು ಕೂತಿದ್ದ ಅವರ ತಾಯಿ, ಮಕ್ಕಳ ಬಾಯಲ್ಲಿ ದಾದಿ ಅಂದರೆ ಅಜ್ಜಿ, ಬಹಳ ಹೊತ್ತು ನೋಡಿದರು.

"ನಿಮ್ಮಪ್ಪ ಬದುಕಿದ್ದಾಗ ಎಲ್ಲಾ ಒಂದು ಚೀಲಕ್ಕೆ ತುರುಕಿ ಮಂಡಿಲಿ ಒತ್ತಿಬಿಡ್ತಿದ್ರು. ನಾವೂ ಊರು ಮುಟ್ತಿದ್ವಪ್ಪ."

"ಅದು ತುರುಕೋದು ಅಮ್ಮಾ. ಇದು ಲೇಔಟು."

"ಆಯ್ತು ಮಗನೆ, ಹಾಕು ಲೇಔಟು. ರೈಲು ಶುಕ್ರವಾರ ಅನ್ನೋದು ನೆನಪಿದ್ರೆ ಸಾಕು."

ಮಕ್ಕಳು ಮೂವರು. ಹನ್ನೆರಡರ ದೊಡ್ಡವನು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನು ಉಳಿಸಿದ ಮಾತನ್ನೆಲ್ಲ ಖರ್ಚು ಮಾಡಲೆಂದೇ ಹುಟ್ಟಿದಂತಿದ್ದವಳು ಎಂಟು ವರ್ಷದ ತಂಗಿ. ಪ್ರತಿಯೊಂದಕ್ಕೂ ವಾದ ಹೂಡುತ್ತಿದ್ದುದರಿಂದ ಮನೆಯಲ್ಲಿ ಅವಳಿಗೆ ವಕೀಲಮ್ಮ ಎಂದೇ ಹೆಸರು. ಕೊನೆಯದು ಎರಡೂವರೆ ವರ್ಷದ ಹುಡುಗಿ. ಕೈಗೆ ಸಿಕ್ಕಿದ್ದನ್ನೆಲ್ಲ ಎಲ್ಲೆಲ್ಲೋ ಅಡಗಿಸಿಡುವ ಚಾಳಿಯಿಂದ ಅದು ಇಲಿಮರಿ.

ಪ್ರಯಾಣಕ್ಕೆ ಮುಂಚೆ ಮಕ್ಕಳಿಗೆ ಒಂದಿಷ್ಟು ತಿಳಿಸಿಕೊಡುವುದು ದಾದಿಯ ಕೆಲಸ. ವಾಹನ ಹತ್ತುವಾಗ ಹೇಳುವ ಪ್ರಾರ್ಥನೆ, ದುಆ, ಬಾಯಿಪಾಠ ಮಾಡಿಸಿದರು. ಆಮೇಲೆ, ಊರು ಬಿಟ್ಟು ದೂರ ಹೋಗುವವರು ಮುಸಾಫಿರರು, ಅವರಿಗೆ ಅಲ್ಲಾಹನು ನಮಾಜನ್ನು ಹಗುರ ಮಾಡಿದ್ದಾನೆ, ನಾಲ್ಕು ರಕಾತಿನ, ಅಂದರೆ ನಾಲ್ಕು ಸುತ್ತಿನ ನಮಾಜನ್ನು ಎರಡೇ ಮಾಡಿದರಾಯಿತು ಎಂದರು. ಇದನ್ನು ಕೇಳಿ ವಕೀಲಮ್ಮ ನೆಟ್ಟಗೆ ಕೂತಳು.

"ಅರ್ಧನಾ ದಾದಿ?"

"ನಾಲ್ಕಿದ್ದದ್ದು ಎರಡು."

"ಮೂರಿದ್ದದ್ದು ಒಂದೂವರೆನಾ?"

"ಇಲ್ಲ ತಾಯಿ, ಸಂಜೆಯ ಮಗ್ರಿಬ್ ನಮಾಜು ಮೂರು ಮೂರೇ."

"ರಜೆ ಹೋಮ್‌ವರ್ಕು ಎಂಟು ಪುಟ. ಅದು ನಾಲ್ಕು ಆಗುತ್ತಲ್ವಾ?"

"ಅದನ್ನ ಕೊಟ್ಟೋರು ನಿಮ್ಮ ಟೀಚರು. ಹಗುರ ಮಾಡೋದಿದ್ರೆ ಅವರೇ ಮಾಡ್ಬೇಕು."

ವಕೀಲಮ್ಮ ಸೋಲೊಪ್ಪಲಿಲ್ಲ. ಅಂದು ಸಂಜೆ ಅರ್ಧ ಲೋಟ ಹಾಲು ಕುಡಿದು ಲೋಟ ಕೆಳಗಿಟ್ಟು, "ನಾನು ಮುಸಾಫಿರ್," ಎಂದಳು. ಸ್ನಾನ ಸೊಂಟದವರೆಗೆ ಮುಗಿಯಿತು. ಕೊನೆಗೆ ದಾದಿ ತೀರ್ಪು ಕೊಡಬೇಕಾಯಿತು. ಬಟ್ಟೆ ಮಡಿಚಿಟ್ಟ ಮಾತ್ರಕ್ಕೆ ಯಾರೂ ಮುಸಾಫಿರ್ ಆಗುವುದಿಲ್ಲ, ನಮ್ಮೂರಿನ ಕೊನೆಯ ಮನೆ ದಾಟಬೇಕು, ಅಲ್ಲಿಂದಾಚೆಗೆ ಮಾತ್ರ ಲೆಕ್ಕ.

"ಕೊನೇ ಮನೆ ಯಾವುದು?"

"ದಾಟುವಾಗ ನೋಡು, ಗೊತ್ತಾಗುತ್ತೆ."

ಗುರುವಾರ ಸಂಜೆ ನರ್ಸಮ್ಮ ಡ್ಯೂಟಿ ಮುಗಿಸಿ ಬಂದಾಗ ಸೂಟ್‌ಕೇಸು ಬಾಗಿಲ ಬಳಿ ನಿಂತಿತ್ತು. ಜಿಪ್ಪು ಎಳೆದಿತ್ತು, ಮೇಲೊಂದು ಪಟ್ಟಿಯೂ ಬಿಗಿದಿತ್ತು. ಮಾಸ್ಟರು ಅದರ ಪಕ್ಕ ಮದುವೆಯ ಗಂಡಿನ ಅಪ್ಪನ ಹಾಗೆ ಕೈಕಟ್ಟಿ ನಿಂತಿದ್ದರು.

"ಒಂದ್ಸಲ ತೆಗೀರಿ, ನೋಡೋಣ."

"ತೆಗೆದ್ರೆ ಮುಚ್ಚೋಕಾಗಲ್ಲ. ಕೂದಲೆಳೆ ಜಾಗ ಬಿಟ್ಟಿಲ್ಲ."

"ಜ್ವರದ ಔಷಧಿ?"

"ಇದೆ. ಎಡಮೂಲೆ."

"ಚಿಕ್ಕದರ ಚಡ್ಡಿ?"

"ಹದಿನಾಲ್ಕು. ಸುರುಳಿ ಸುತ್ತಿ ಇಟ್ಟಿದೀನಿ."

"ಎಲ್ಲರದ್ದೂ ಇದೆ ತಾನೆ?"

"ಎಲ್ಲರದ್ದೂ ಇದೆ. ಒಂದೇ ಒಂದು ದಿನ ನನ್ನ ನಂಬೋಕಾಗಲ್ವಾ ನಿಂಗೆ?"

ವಾರ್ಡಿನಲ್ಲಿ ಒಂದು ಮಾತ್ರೆಯನ್ನೂ ಎರಡು ಸಲ ನೋಡದೆ ಕೊಡದ ಹೆಂಗಸು ಅವಳು. ಕೈ ಪಟ್ಟಿಯವರೆಗೆ ಹೋಗಿತ್ತು. ಆದರೆ ಗಂಡನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. "ನಂಬಿದೆ ಮಾಸ್ಟರೇ," ಎಂದು ಒಳಗೆ ಹೋದಳು.

ಶುಕ್ರವಾರ ಅವಳು ಆಸ್ಪತ್ರೆಯಿಂದ ನೇರವಾಗಿ ನಿಲ್ದಾಣಕ್ಕೆ ಬಂದಳು. ಮೈಮೇಲೆ ಬಿಳಿ ಯೂನಿಫಾರ್ಮು, ತಲೆಗೆ ಬಿಳಿ ಸ್ಕಾರ್ಫು, ಹೆಗಲಿಗೆ ಡ್ಯೂಟಿಯ ಕೈಚೀಲ. ಮಸೀದಿಯಲ್ಲಿ ಶುಕ್ರವಾರದ ಜುಮಾ ನಮಾಜು ಮುಗಿಸಿ ಬಂದಿದ್ದ ಮಾಸ್ಟರು, ದೊಡ್ಡವನು ಸಾಮಾನು ಕಾಯುತ್ತಿದ್ದರು. ಅತ್ತೆ ಸೊಸೆ ಹೆಂಗಸರ ವಿಶ್ರಾಂತಿ ಕೋಣೆಯ ಮೂಲೆಯಲ್ಲಿ ದಾದಿಯ ಶಾಲು ಹಾಸಿ ಮಧ್ಯಾಹ್ನದ ನಮಾಜು ಮುಗಿಸಿದರು. ನಾಲ್ಕು ರಕಾತು, ಪೂರ್ತಿ. ನಿಲ್ದಾಣ ಇನ್ನೂ ಊರೊಳಗೇ ಇತ್ತು. ಜೊತೆಯಲ್ಲಿ ನಿಂತಿದ್ದ ವಕೀಲಮ್ಮ ನಮಾಜಿನ ಕೊನೆಯ ಸಲಾಮು ಹೇಳಿ ಮುಗಿಸಿದ ಕೂಡಲೇ, ಟಿಕೆಟ್ಟು ಕೈಯಲ್ಲಿದ್ದರೂ ಇದು ಅನ್ಯಾಯ ಎಂದು ತಕರಾರು ದಾಖಲಿಸಿದಳು.

ರೈಲು ಹೊರಟಿತು. ದುಆ ಎಲ್ಲರೂ ಒಟ್ಟಿಗೆ ಹೇಳಿದರು. ಇಲಿಮರಿ ಕೊನೆಯ "ಆಮೀನ್" ಒಂದನ್ನೇ ಹೇಳಿತು, ಆದರೆ ಡಬ್ಬಿಗೆಲ್ಲ ಕೇಳುವಂತೆ. ವಕೀಲಮ್ಮ ಕಿಟಕಿಯ ಸರಳಿಗೆ ಮೂಗು ಒತ್ತಿ ಕೂತಳು. ಊರಿನ ಕೊನೆಯ ಮನೆ ಅವಳ ಕಣ್ಣು ತಪ್ಪಿಸಿ ಹೋಗುವ ಹಾಗಿರಲಿಲ್ಲ.

ಆದರೆ ಊರು ಮುಗಿಯಲೊಲ್ಲದು. ಗುಜರಿ ಅಂಗಡಿ, ಲಾರಿ ನಿಲ್ಲಿಸುವ ಬಯಲು, ಮತ್ತೆ ಮನೆ. ಒಂದು ಹೊಲ ಬಂತು. "ಮುಗೀತು!" ಎಂದು ಅವಳು ಕೂಗುವಷ್ಟರಲ್ಲಿ ಹೊಲದ ಆಚೆ ನಾಲ್ಕಂತಸ್ತಿನ ಕಟ್ಟಡ ಎದ್ದು ನಿಂತಿತು. ಇಟ್ಟಿಗೆ ಗೂಡು ಬಂದಾಗ, ಅಲ್ಲಿ ಯಾರಾದರೂ ಮಲಗಿದರೆ ಅದೂ ಮನೆಯೇ ಎಂದು ದೊಡ್ಡವನು ಅಂದಿನ ತನ್ನ ಹತ್ತು ಮಾತಿನಲ್ಲಿ ಐದನ್ನು ಖರ್ಚು ಮಾಡಿದ.

ಎದುರು ಸೀಟಿನಲ್ಲಿ ದಪ್ಪ ಕನ್ನಡಕದ ವಯಸ್ಸಾದವರೊಬ್ಬರು ಕೂತಿದ್ದರು. ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಏನಮ್ಮಾ, ಯಾವ ಮನೆ ಹುಡುಕ್ತಾ ಇದ್ದೀಯ?" ಎಂದರು.

"ಊರಿನ ಕೊನೇ ಮನೆ. ಅದು ದಾಟಿದ್ರೆ ನಾವು ಮುಸಾಫಿರ್."

ವಕೀಲಮ್ಮ ವಿಷಯವನ್ನೆಲ್ಲ ವಿವರಿಸಿದಳು. ಅವರು ಗಂಭೀರವಾಗಿ ಕೇಳಿ ತಲೆದೂಗಿದರು.

"ಸರಿಯಾದ ಮನುಷ್ಯನನ್ನೇ ಕೇಳ್ದೆ ನೋಡು. ನಾನು ಮೂವತ್ತೊಂದು ವರ್ಷ ಸರ್ವೇಯರ್ ಆಗಿದ್ದೆ. ಈ ಊರಿನ ಎಲ್ಲೆ ಕಲ್ಲು ನೆಟ್ಟೋನೇ ನಾನು. ಒಂದು ಮೋರಿ ಬರುತ್ತೆ, ಅದರ ಪಕ್ಕ ಒಂದು ಹೆಂಚಿನ ಮನೆ. ಅದಾದ್ಮೇಲೆ ಊರಿಲ್ಲ."

ಆಮೇಲೆ ಡಬ್ಬಿಯಲ್ಲಿ ಬೇರೆ ಮಾತೇ ಇರಲಿಲ್ಲ. ಪಕ್ಕದ ಸೀಟಿನವರೂ ಕುತ್ತಿಗೆ ಚಾಚಿ ಮೋರಿ ಹುಡುಕಿದರು. ಮೋರಿ ಬಂತು, ಹೆಂಚಿನ ಮನೆಯೂ ಬಂತು. ಅಲ್ಲಿ ಒಬ್ಬಳು ಹೆಂಗಸು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ತಾನು ಊರಿನ ಕೊನೆಯ ಮನೆಯವಳೆಂಬುದು ಆಕೆಗೆ ಗೊತ್ತಿದ್ದಂತೆ ಕಾಣಲಿಲ್ಲ. ವಕೀಲಮ್ಮ ಕೈ ಬೀಸಿದಳು, ಆಕೆಯೂ ಬೀಸಿದಳು. "ಇನ್ನು ಮುಂದೆ ನಾನು ಏನು ಮಾಡಿದರೂ ಅರ್ಧ," ಎಂದು ವಕೀಲಮ್ಮ ಡಬ್ಬಿಗೆ ಪ್ರಕಟಿಸಿದಳು.

"ಹಾಗಿದ್ರೆ ಮಾತಿನಿಂದಾನೇ ಶುರು ಮಾಡು," ಎಂದಳು ಅವಳ ಅಮ್ಮಿ, ಕಣ್ಣು ಮುಚ್ಚಿಕೊಂಡೇ. ಬೆಳಗ್ಗೆ ಐದಕ್ಕೆ ಎದ್ದವಳು ಕಿಟಕಿಗೆ ತಲೆ ಆನಿಸಿ ತೂಕಡಿಸುತ್ತಿದ್ದಳು.

ಆಗಲೇ ಇಲಿಮರಿ ಕಿತ್ತಳೆ ಹಣ್ಣಿನ ರಸದ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಅದುಮಿತು. ರಸ ಕೊಳವೆಯಿಂದ ಚಿಮ್ಮಿ ಅಮ್ಮಿಯ ಬಿಳಿ ಯೂನಿಫಾರ್ಮಿನ ಕುತ್ತಿಗೆಯಿಂದ ಮಡಿಲವರೆಗೆ ಹರಿಯಿತು.

"ಹೋಗ್ಲಿ ಬಿಡಿ," ಎಂದಳು ನರ್ಸಮ್ಮ. ಮಕ್ಕಳ ವಾರ್ಡಿನಲ್ಲಿ ಇದಕ್ಕಿಂತ ಎಷ್ಟೋ ಕೆಟ್ಟದ್ದು ಅವಳ ಮೈಮೇಲೆ ಬಿದ್ದಿತ್ತು. "ಹೇಗೂ ಬದಲಾಯಿಸ್ಬೇಕಿತ್ತು. ಏನ್ರೀ, ನನ್ನ ಹಸಿರು ಸೆಟ್ಟು ತೆಗೀರಿ."

ಮಾಸ್ಟರು ಸೂಟ್‌ಕೇಸನ್ನು ಸೀಟಿನ ಮೇಲೆ ಮಲಗಿಸಿದರು. ಪಟ್ಟಿ ಬಿಚ್ಚಿದರು. ಜಿಪ್ಪು ಅರ್ಧ ಎಳೆಯುವಷ್ಟರಲ್ಲಿ ಮುಚ್ಚಳ ತಾನಾಗಿಯೇ ಮೇಲೆದ್ದಿತು. ನಿನ್ನೆಯಿಂದ ಉಸಿರು ಬಿಗಿಹಿಡಿದಿದ್ದ ಬಟ್ಟೆಗಳೆಲ್ಲ ಒಮ್ಮೆಗೇ ಉಬ್ಬಿ, ಹದಿನಾಲ್ಕು ಚಡ್ಡಿಗಳ ಸುರುಳಿಗಳು ಒಂದರ ಹಿಂದೊಂದು ಉರುಳಿ ಸರ್ವೇಯರ್ ಕಾಲಬಳಿ ಬಿದ್ದವು. ಅವರು ಬಗ್ಗಿ ಒಂದೊಂದನ್ನೇ ಆರಿಸಿ, ದೂಳು ಕೊಡವಿ, ಕೊಟ್ಟರು. ಬಟ್ಟೆಯ ನಡುವಿನಿಂದ ಮನೆಯ ಟೀವಿಯ ರಿಮೋಟೂ, ಒಂದು ಆಲೂಗಡ್ಡೆಯೂ ಹೊರಬಂದವು. ಅವು ಮಾಸ್ಟರ ನಕ್ಷೆಯಲ್ಲಿ ಇರಲಿಲ್ಲ. ಇಲಿಮರಿ ಆಲೂಗಡ್ಡೆಯನ್ನು ನೋಡಿ ಹಳೆಯ ಗೆಳೆಯ ಸಿಕ್ಕ ಹಾಗೆ ನಕ್ಕಿತು.

"ಇದು ಅಮ್ಮನದು," ಎಂದು ಮಾಸ್ಟರು ತೆಗೆದಿಡುತ್ತಾ ಹೋದರು. "ಇದು ದೊಡ್ಡವನದ್ದು. ಇದು ನನ್ನದು. ಇದು ವಕೀಲಮ್ಮಂದು. ಇದೂ ನನ್ನದು."

"ನನ್ನದು?"

ಮಾಸ್ಟರ ಕೈ ನಿಂತಿತು. ತಳದ ಚಾಪೆಗಳನ್ನು ಎತ್ತಿ ನೋಡಿದರು. ಪಕ್ಕದ ಜೇಬು ನೋಡಿದರು. ಒಳಗೆ ಮಡಿಚಿಟ್ಟಿದ್ದ ಕಂದು ಕಾಗದವನ್ನು ಬಿಡಿಸಿ ಹಿಡಿದರು. ದೊಡ್ಡವನು ಹಿಂದಿನಿಂದ ಇಣುಕಿ, ಮೆಲ್ಲಗೆ, "ಐದೇ ಬಣ್ಣ ಇದೆ," ಎಂದ.

"ನಿಂದು… ನಿನ್ನ ಬ್ಯಾಗಲ್ಲಿ ಇಲ್ವಾ?"

"ನನ್ನ ಬ್ಯಾಗಲ್ಲಿ ಊಟದ ಡಬ್ಬಿ ಇದೆ. ಛತ್ರಿ ಇದೆ."

"ಅಬ್ಬಾ, ನೀವು ಎಲ್ಲರದ್ದೂ ಇದೆ ಅಂತ ಹೇಳಿದ್ರಿ," ಎಂದಳು ವಕೀಲಮ್ಮ ಅಪ್ಪನ ಕಡೆ ತಿರುಗಿ. "ನಾನು ಸಾಕ್ಷಿ."

"ನೀನು ಮುಸಾಫಿರ್ ಅಲ್ವಾ, ಅರ್ಧ ಮಾತಾಡು," ಎಂದು ದಾದಿ ಅವಳ ಬಾಯಿಗೆ ಒಂದು ಬಿಸ್ಕತ್ತು ಇಟ್ಟರು. ಸರ್ವೇಯರ್ ಎದ್ದು, ಮುಂದಿನ ಸ್ಟೇಷನ್ನು ಯಾವುದೋ ನೋಡಿ ಬರುತ್ತೇನೆಂದು ಬಾಗಿಲ ಕಡೆ ನಡೆದರು. ಮುಂದಿನ ಸ್ಟೇಷನ್ನು ಇನ್ನೂ ಮುಕ್ಕಾಲು ಗಂಟೆಯ ದಾರಿ.

ನರ್ಸಮ್ಮ ಒದ್ದೆಯಾದ ಯೂನಿಫಾರ್ಮನ್ನು ಕರವಸ್ತ್ರದಲ್ಲಿ ಒತ್ತುತ್ತಾ ಕಿಟಕಿಯಾಚೆ ನೋಡುತ್ತಾ ಕೂತಳು. ಅವಳು ಕೀಟಲೆ ಮಾಡಿದ್ದರೆ ಮಾಸ್ಟರಿಗೆ ಸಮಾಧಾನವಾಗುತ್ತಿತ್ತು.

"ನೆನಪೇ ಆಗ್ಲಿಲ್ವಾ ನಾನು?" ಎಂದಳು ಕೊನೆಗೆ. ದನಿ ಏರಿರಲಿಲ್ಲ.

ಮಾಸ್ಟರು ಸುಳ್ಳು ಹೇಳಲು ಒಂದು ಕ್ಷಣ ಯೋಚಿಸಿ, ಬಿಟ್ಟುಬಿಟ್ಟರು.

"ಹಾಗಲ್ಲ. ತುಂಬೋವಾಗೆಲ್ಲ ನೀನೇ ನೆನಪಾಗ್ತಿದ್ದೆ. ಅವಳಾದ್ರೆ ಔಷಧಿ ಎಲ್ಲಿ ಇಡ್ತಾಳೆ, ಚಡ್ಡಿ ಎಷ್ಟು ಇಡ್ತಾಳೆ ಅಂತ. ನಿನ್ನ ತುಂಬೋರ ಸಾಲಲ್ಲಿ ಇಟ್ಕೊಂಡೆ. ಹೋಗೋರ ಸಾಲಲ್ಲಿ ಇಟ್ಕೊಳ್ಳೋದೇ ಮರೆತೆ."

ಅವಳು ಅವರ ಕಡೆ ತಿರುಗಿದಳು. ಮಂಡಿಯ ಮೇಲೆ ಕಂದು ಕಾಗದ, ಒಂದು ಕೈಯಲ್ಲಿ ತಮ್ಮದೇ ನಾಲ್ಕನೆಯ ಪ್ಯಾಂಟು, ಇನ್ನೊಂದರಲ್ಲಿ ಆಲೂಗಡ್ಡೆ. ಮೊದಲು ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದು ಹೆದರಿ ಮಾಸ್ಟರು ಮುಂದೆ ಬಗ್ಗಿದರು. ಅವಳು ನಗುತ್ತಿದ್ದಳು. ಬಾಯಿಗೆ ಸ್ಕಾರ್ಫು ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಆಲೂಗಡ್ಡೆಗೆ ಜಾಗ ಇತ್ತು ಮಾಸ್ಟರೇ," ಎಂದಳು ಉಸಿರು ಸಿಕ್ಕಾಗ. "ಆಲೂಗಡ್ಡೆಗೆ!"

ದಾದಿ ತಮ್ಮ ಒಂದು ಕುರ್ತಾ ಕೊಟ್ಟರು. ದಾದಿ ಮೈಕೈ ತುಂಬಿದವರು, ಸೊಸೆ ಕಡ್ಡಿ. ಅವಳು ಬದಲಾಯಿಸಿಕೊಂಡು ಬಂದಾಗ ಆ ಕುರ್ತಾದೊಳಗೆ ಎಲ್ಲೋ ಒಂದು ಕಡೆ ಅವಳಿದ್ದಳು. ಇಲಿಮರಿ ಮೊದಲು ಗುರುತು ಹಿಡಿಯದೆ ಅಣ್ಣನ ಹಿಂದೆ ಅವಿತಿತು, ಆಮೇಲೆ ಆ ಕುರ್ತಾದ ಅಂಚಿನೊಳಗೇ ನುಗ್ಗಿ ಅಡಗಿತು. ಇಳಿಹೊತ್ತಿನ ಅಸರ್ ನಮಾಜಿಗೆ ಬಾಟಲಿಯ ನೀರಿನಲ್ಲಿ ಕೈ, ಮುಖ, ಕಾಲು ತೊಳೆದು ವುಜೂ ಮಾಡಿ, ಸೀಟುಗಳ ನಡುವಿನ ಜಾಗದಲ್ಲಿ ಚಾಪೆ ಹಾಸಿ, ಒಬ್ಬರಾದ ಮೇಲೆ ಒಬ್ಬರು ಎರಡೆರಡು ರಕಾತು ಮುಗಿಸಿದರು. ದಾದಿ ಕೂತಲ್ಲೇ ಮಾಡಿದರು. ಸರ್ವೇಯರ್ ತಮ್ಮ ಕಾಲು ಮೇಲೆತ್ತಿಕೊಂಡು ಜಾಗ ಬಿಟ್ಟುಕೊಟ್ಟದ್ದಲ್ಲದೆ, ಮೆಕ್ಕಾದ ದಿಕ್ಕು ನೋಡಲು ದಿಕ್ಸೂಚಿ ಹಿಡಿದಿದ್ದ ದೊಡ್ಡವನಿಗೆ ಕಬ್ಬಿಣದ ಸರಳಿನಿಂದ ದೂರ ಹಿಡಿ, ಮುಳ್ಳು ದಾರಿ ತಪ್ಪುತ್ತದೆ ಎಂದು ಹೇಳಿಕೊಟ್ಟರು. ಎರಡು ರಕಾತು ಇಷ್ಟು ಬೇಗ ಮುಗಿಯುತ್ತದೆಂದು ವಕೀಲಮ್ಮ ಎಣಿಸಿರಲಿಲ್ಲ. ಬೇಸರವಾಗಿ ಇನ್ನೆರಡು ಮಾಡಲೇ ಎಂದು ಕೇಳಿದಳು.

ಬಿಚ್ಚಿದ ಸೂಟ್‌ಕೇಸು ಮತ್ತೆ ಮುಚ್ಚಲಿಲ್ಲ. ಮಾಸ್ಟರು ನಕ್ಷೆ ನೋಡಿಕೊಂಡು ಎರಡು ಸಲ ಪ್ರಯತ್ನಿಸಿ ಬೆವೆತರು. ಕೊನೆಗೆ ದಾದಿ ಎದ್ದು ಅರ್ಧ ಬಟ್ಟೆಯನ್ನು ಹೊದಿಕೆಯೊಂದರಲ್ಲಿ ಗಂಟು ಕಟ್ಟಿ, ಉಳಿದರ್ಧವನ್ನು ಒಳಗೆ ತುರುಕಿ ಮಂಡಿಯಿಂದ ಒತ್ತಿದರು. ಮಾಸ್ಟರು ಜಿಪ್ಪು ಎಳೆದರು.

ಸಂಜೆ ದೀಪ ಹತ್ತುವ ಹೊತ್ತಿಗೆ ಊರು ಬಂತು. ಬಾಗಿಲು ತೆರೆದ ಆಪಾ, ನರ್ಸಮ್ಮನ ಅಕ್ಕ, ಸಲಾಮಿಗೆ ಉತ್ತರ ಕೊಡುತ್ತಲೇ ತಂಗಿಯನ್ನು ಮೇಲಿಂದ ಕೆಳಗೆ ನೋಡಿ, "ಯಾರ ಡೇರೆ ಇದು?" ಎಂದಳು. ಕಥೆ ಕೇಳಿ ಗೋಡೆ ಹಿಡಿದು ನಕ್ಕಳು. ಆಮೇಲೆ ತನ್ನ ಬೀರು ತೆರೆದಳು. ಆಪಾ ತಂಗಿಗಿಂತ ಒಂದು ಗೇಣು ಗಿಡ್ಡ. ಅವಳ ಬಟ್ಟೆ ಉಟ್ಟರೆ ನರ್ಸಮ್ಮ ಶಾಲೆಯ ಹುಡುಗಿ, ಅತ್ತೆಯದು ಉಟ್ಟರೆ ಡೇರೆ.

ಮರುದಿನ ಬೆಳಗಿನ ಚಹಾ ಆದ ಮೇಲೆ ಮಾಸ್ಟರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಕೈ ಹಿಂದೆ ಕಟ್ಟಿದ್ದರು.

"ಆಪಾ, ಒಂದು ಮಾತು. ನಿನ್ನೆ ನಿಮಗೆ ಅಂತ ತಂದ ನೀಲಿ ಬಟ್ಟೆ ಇದೆಯಲ್ಲ…"

"ತುಂಬಾ ಚೆನ್ನಾಗಿದೆ."

"ಅದು ವಾಪಸ್ ಬೇಕಿತ್ತು."

ಆಪಾ ಸೌಟು ಹಿಡಿದೇ ತಿರುಗಿದಳು. "ಕೊಟ್ಟ ಉಡುಗೊರೆ ಹನ್ನೆರಡು ಗಂಟೆಲಿ ವಾಪಸ್ ಕೇಳೋರನ್ನ ನಾನು ಇದೇ ಮೊದಲು ನೋಡಿದ್ದು. ನಮ್ಮ ಹುಡುಗೀನ ಎಂಥವರಿಗೆ ಕೊಟ್ವಿ!" ಎಂದಳು. ಆದರೆ ಬಟ್ಟೆಯನ್ನೂ ಕೊಟ್ಟಳು, ತನ್ನ ಕಾಲಿನ ಹೊಲಿಗೆ ಮೆಷಿನ್ನಿನ ಮೇಲಿನ ಹೂಕುಂಡ ಎತ್ತಿಟ್ಟು ಜಾಗವನ್ನೂ ಮಾಡಿಕೊಟ್ಟಳು.

ಮಾಸ್ಟರು ಮೆಷಿನ್ನಿಗೆ ಎಣ್ಣೆ ಬಿಟ್ಟು, ಊಟದ ಮೇಜಿನ ಮೇಲೆ ಬಟ್ಟೆ ಹಾಸಿದರು. ಟೇಪು ಕೇಳಲಿಲ್ಲ. ಹೆಂಡತಿಯನ್ನೂ ಕರೆಯಲಿಲ್ಲ. ಸೀಮೆಸುಣ್ಣದಲ್ಲಿ ಸರಸರ ಗೆರೆ ಎಳೆಯುತ್ತಾ ಹೋದರು.

"ಅಳತೆ ತಗೊಳ್ಳಲ್ವಾ?" ಎಂದಳು ಆಪಾ.

"ಬೇಡ. ಭುಜ ಹದಿನಾಲ್ಕು. ತೋಳು ಇಪ್ಪತ್ತೆರಡೂವರೆ. ಎಡಭುಜ ಕಾಲಿಂಚು ಕೆಳಗೆ ಇಳಿಸ್ಬೇಕು."

"ಯಾಕೆ?"

"ಮಕ್ಕಳನ್ನ ಯಾವಾಗಲೂ ಎಡಗಡೇನೇ ಎತ್ಕೊಳ್ಳೋದು. ವಾರ್ಡಲ್ಲೂ, ಮನೇಲೂ. ಇಳಿದಿದೆ."

ನರ್ಸಮ್ಮ ಬಾಗಿಲ ಬಳಿ ಇಲಿಮರಿಯನ್ನು ಎತ್ತಿಕೊಂಡು ನಿಂತಿದ್ದಳು. ಹದಿಮೂರು ವರ್ಷದ ಸಂಸಾರದಲ್ಲಿ ಮಾಸ್ಟರು ಅವಳಿಗೆ ಕಾರ್ಖಾನೆಯ ಬಟ್ಟೆ ಎಷ್ಟೋ ತಂದುಕೊಟ್ಟಿದ್ದರು. ಕೈಯಾರೆ ಹೊಲಿದು ಕೊಟ್ಟದ್ದು ಒಂದೂ ಇರಲಿಲ್ಲ. ಅವಳು ತನ್ನ ಎಡಭುಜವನ್ನೊಮ್ಮೆ ನೋಡಿಕೊಂಡಳು. ಆಮೇಲೆ ಇಲಿಮರಿಯನ್ನು ಬಲಗಡೆಗೆ ಬದಲಾಯಿಸಿಕೊಂಡಳು.

ಮಧ್ಯಾಹ್ನದ ಹೊತ್ತಿಗೆ ನೀಲಿ ಕುರ್ತಾ ಸಿದ್ಧವಾಯಿತು. ಮೈಗೆ ಅಂಟಿದಂತೆ ಕೂತಿತು. ಆಪಾ ಸುತ್ತ ಒಂದು ಸುತ್ತು ಬಂದು ನೋಡಿ, ತನಗೂ ಒಂದು ಇಂಥದೇ ಎಂದಳು. ಆಮೇಲೆ ಪಕ್ಕದ ಮನೆಯವಳಿಗೆ ಗೋಡೆಯ ಮೇಲಿಂದ ಎಲ್ಲ ಹೇಳಿದಳು. ಮೂರನೆಯ ದಿನ ಬೆಳಗ್ಗೆ ಬಾಗಿಲು ತೆರೆದರೆ ನಾಲ್ಕು ಜನ ಹೆಂಗಸರು ಕಂಕುಳಲ್ಲಿ ಬಟ್ಟೆಯ ಪೊಟ್ಟಣ ಹಿಡಿದು ನಿಂತಿದ್ದರು. ಅಳತೆಯ ಟೇಪು ಇಲ್ಲದೆ ಹೊಲಿಯುವವರು ಇದೇ ಮನೆಯಲ್ಲಿದ್ದಾರಲ್ಲವೇ ಎಂದು ಕೇಳಿದರು.

ಒಳಗಿನಿಂದ ಮಾಸ್ಟರು ಮುಗುಳ್ನಗುತ್ತಾ ತೋಳು ಮಡಿಚುತ್ತಾ ಬರುತ್ತಿದ್ದರು. ನರ್ಸಮ್ಮ ಬಾಗಿಲಿಗೆ ಅಡ್ಡ ಕೈಯಿಟ್ಟಳು.

"ಮಾಸ್ಟರು ರಜೆಯಲ್ಲಿದ್ದಾರೆ," ಎಂದಳು, ವಾರ್ಡಿನಲ್ಲಿ ಭೇಟಿಯ ಸಮಯ ಮುಗಿಯಿತು ಎನ್ನುವ ಅದೇ ದನಿಯಲ್ಲಿ. ನಾಲ್ವರೂ ಒಂದು ಮೆಟ್ಟಿಲು ಹಿಂದೆ ಸರಿದರು.

ಅರ್ಧ ಗಂಟೆಯಲ್ಲಿ ಎಲ್ಲರೂ ಹೊಳೆಯ ಕಡೆ ಹೊರಟರು. ಮಕ್ಕಳು ಮುಂದೆ ಓಡಿದರು, ದಾದಿ ಆಪಾಳ ಕೈ ಹಿಡಿದು ನಿಧಾನವಾಗಿ ನಡೆದರು. ನರ್ಸಮ್ಮ ನೀಲಿ ಕುರ್ತಾದಲ್ಲಿ ಬೀಸಾಗಿ ಹೋಗುತ್ತಿದ್ದಳು. ಹಿಂದೆ ಬರುತ್ತಿದ್ದ ಮಾಸ್ಟರು ಕಣ್ಣು ಕಿರಿದು ಮಾಡಿದರು.

"ನಿಲ್ಲು ಒಂದ್ನಿಮಿಷ. ಬೆನ್ನ ಹತ್ರ ಸ್ವಲ್ಪ ಎಳೀತಿದೆ."

"ನಡೆಯೋವಾಗ ಎಳೀದೆ ಇರುತ್ತೇನ್ರೀ?" ಎಂದಳು ಅವಳು, ನಿಲ್ಲದೆ. "ಸುಮ್ನೆ ಬನ್ನಿ."